ಔಷಧಿ ಡಬ್ಬಿಯ ಮೇಲಿನ ಉದ್ದದ ಹೆಸರನ್ನು ಬಿಡಿಸಿ ಓದುವ ಬಗೆ

ಕಳೆದ ಮಳೆಗಾಲದಲ್ಲಿ ಜಡಿಮಳೆ ಎರಡು ದಿನ ಬಿಡುವು ಕೊಟ್ಟಿದ್ದ ಹೊತ್ತಿನಲ್ಲಿ ನಮ್ಮ ಸಂಘದ ಡಿಪೋಗೆ ಒಬ್ಬ ಹುಡುಗ ಚೀಟಿ ತಂದ. ಸದಸ್ಯರೊಬ್ಬರು ಬರೆದು ಕಳಿಸಿದ್ದು. ಅದರಲ್ಲಿ ಇದ್ದದ್ದು ಇಷ್ಟೇ: 'ಮೆಟಲ್ ಔಷಧಿ, 1 ಕೆ.ಜಿ.' ಆ ದಿನ ಕೌಂಟರಿನಲ್ಲಿದ್ದವರು ಹೊಸಬರು. ಹಿಂದಿನ ವಾರವಿಡೀ ಬಸವನ ಹುಳುವಿನ ಕಾಟಕ್ಕೆಂದು ಜನ ಮೆಟಾಲ್ಡಿಹೈಡ್ ಗುಳಿಗೆಯನ್ನೇ ಒಯ್ದಿದ್ದರು. ಇವರಿಗೂ ಅದೇ ಇರಬೇಕೆಂದು ಕಟ್ಟಿ ಕೊಟ್ಟರು. ಸದಸ್ಯರಿಗೆ ಬೇಕಾಗಿದ್ದುದು ಕೊಳೆರೋಗಕ್ಕೆ ಹೊಡೆಯುವ ಮೆಟಲಾಕ್ಸಿಲ್. ಕೊನೆಗಾರ ಬಂದು ಕಾದು ಕುಳಿತಿದ್ದ, ಡ್ರಮ್ಮಿಗೆ ನೀರು ತುಂಬಿತ್ತು. ಪೊಟ್ಟಣ ಬಿಚ್ಚಿದರೆ ಒಳಗೆ ಗುಳಿಗೆ! ಹುಡುಗ ಮತ್ತೆ ಡಿಪೋಗೆ ಬಂದು ಹೋಗುವಷ್ಟರಲ್ಲಿ ಸಂಜೆಯಾಯಿತು, ಮಾರನೆಯ ದಿನ ಕೊನೆಗಾರ ಬೇರೆ ತೋಟಕ್ಕೆ ಮಾತು ಕೊಟ್ಟಿದ್ದ, ಆಮೇಲೆ ಮಳೆ ಹಿಡಿದದ್ದು ಬಿಡಲಿಲ್ಲ. ಆ ಸಲ ಅವರ ತೋಟದ ಗೊನೆಗಳು ಎಷ್ಟು ಉದುರಿದವೆಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

"ಅಲ್ಲ ಮಾರಾಯ್ರೆ, ನಾನು ಕೊಳೆಗೆ ಮದ್ದು ಕೇಳಿದರೆ ನೀವು ಬಸವನ ಹುಳುವಿಗೆ ಊಟ ಕಳಿಸಿದ್ದೀರಲ್ಲ!" ಎಂದು ಅವರು ಕಚೇರಿಗೆ ಬಂದು ಕೇಳಿದರು. ತಪ್ಪು ನಮ್ಮದೇ, ಒಪ್ಪಿಕೊಂಡೆ. ಒಂದು ಗುಳಿಗೆ, ಇನ್ನೊಂದು ಪುಡಿ ಆದ್ದರಿಂದ ಗೊತ್ತಾಯಿತು. ಎರಡೂ ಪುಡಿಯಾಗಿದ್ದರೆ ಡ್ರಮ್ಮಿಗೆ ಬಿದ್ದು ಅಡಿಕೆ ಮರದ ತುದಿಗೂ ಏರಿಬಿಡುತ್ತಿತ್ತು. ಅಂದಿನಿಂದ ಈ ವಿಷಯವಾಗಿ ನಾಲ್ಕು ಮಾತು ಬರೆಯಬೇಕೆಂದುಕೊಂಡಿದ್ದೆ. ಈ ಸಂಚಿಕೆಯಲ್ಲಿ ಕೈಗೂಡಿತು.

ಮೊದಲು ಆ 'ಮೆಟಲ್' ಎಂಬ ತುಂಡನ್ನೇ ನೋಡೋಣ. ನಾವು ಹೆಸರನ್ನು ಕತ್ತರಿಸಿದ ಜಾಗವೇ ತಪ್ಪು. ಈ ಎರಡು ಔಷಧಿಗಳಲ್ಲಿ ಯಾವುದರಲ್ಲೂ ಮೆಟಲ್, ಅಂದರೆ ಲೋಹ, ಇಲ್ಲ. ಒಂದು ಹೆಸರಿನ ಒಳಗೆ ಕುಳಿತಿರುವುದು 'ಆಲ್ಡಿಹೈಡ್' ಎಂಬ ಪದಾರ್ಥದ ಹೆಸರು. ಅದರ ಮುಂದೆ 'ಮೆಟಾ' ಸೇರಿದೆ. ಇನ್ನೊಂದರ ಬಾಲದಲ್ಲಿ ಇರುವುದು 'ಕ್ಸಿಲ್', ಅದು ಕ್ಸೈಲೀನ್ ಎಂಬುದರ ತುಂಡು. ತಲೆ ನೋಡಿದರೆ ಅವಳಿ ಮಕ್ಕಳು, ಬಾಲ ನೋಡಿದರೆ ಸಂಬಂಧವೇ ಇಲ್ಲ. ನಾವು ಮಾತಿನಲ್ಲಿಯೂ ಚೀಟಿಯಲ್ಲಿಯೂ ಉಳಿಸಿಕೊಳ್ಳುವುದು ತಲೆಯನ್ನು, ಬಿಟ್ಟುಬಿಡುವುದು ಬಾಲವನ್ನು. ಆದರೆ ಈ ಹೆಸರುಗಳಲ್ಲಿ ಔಷಧಿಯ ಜಾತಿ ತಿಳಿಯುವುದು ಬಹುಮಟ್ಟಿಗೆ ಬಾಲದಿಂದಲೇ.

ಇಂಗ್ಲಿಷಿನ ಉದ್ದದ ಹೆಸರೆಂದರೆ ನಮ್ಮಲ್ಲಿ ಅನೇಕರಿಗೆ ಅಳುಕು. ನನಗೂ ಇತ್ತು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ 'ಇಂಗಾಲ', 'ಆಮ್ಲಜನಕ' ಎಂದು ಓದಿ ಕಾಲೇಜಿಗೆ ಹೋದಾಗ ಮೊದಲ ತಿಂಗಳು ರಸಾಯನಶಾಸ್ತ್ರದ ಪಾಠ ಕಿವಿಗೆ ಬರೀ ಗದ್ದಲವಾಗಿ ಕೇಳುತ್ತಿತ್ತು. ಆಗ ಪಾಠ ಮಾಡುತ್ತಿದ್ದ ಮೇಷ್ಟ್ರು ಒಂದು ದಿನ ಬೋರ್ಡಿನ ಮೇಲೆ ಡಿ.ಡಿ.ಟಿ.ಯ ಪೂರ್ತಿ ಹೆಸರು ಬರೆದರು. ಡೈಕ್ಲೋರೋಡೈಫಿನೈಲ್‌ಟ್ರೈಕ್ಲೋರೋಈಥೇನ್. ಇಂಗ್ಲಿಷಿನಲ್ಲಿ 31 ಅಕ್ಷರ, ನಡುವೆ ಒಂದು ಜಾಗವೂ ಇಲ್ಲ. ಆಮೇಲೆ ಸೀಮೆಸುಣ್ಣದಿಂದ ನಾಲ್ಕು ಕಡೆ ಗೆರೆ ಎಳೆದರು: ಡೈಕ್ಲೋರೋ, ಡೈಫಿನೈಲ್, ಟ್ರೈಕ್ಲೋರೋ, ಈಥೇನ್. ಎರಡು ಕ್ಲೋರಿನ್, ಎರಡು ಫಿನೈಲ್, ಮೂರು ಕ್ಲೋರಿನ್, ಇವೆಲ್ಲ ಅಂಟಿಕೊಂಡಿರುವುದು ಈಥೇನ್ ಎಂಬ ಬುಡಕ್ಕೆ. ಇಷ್ಟೇ. 1953ರಲ್ಲಿ ಮಲೇರಿಯಾ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದ ಮೇಲೆ ಮನೆಯ ಗೋಡೆಗಳಿಗೆ ಹೊಡೆಯುತ್ತಿದ್ದ ಬಿಳಿ ಪುಡಿಯ ನಿಜವಾದ ಹೆಸರು ಇದು. ನಮ್ಮ ಹಿರಿಯರು ಅದನ್ನು ಮೂರಕ್ಷರದಲ್ಲಿ ಕರೆದು ಮುಗಿಸಿದರು. ಕೃಷಿಯಲ್ಲಿ ಅದರ ಬಳಕೆಯನ್ನು ನಮ್ಮ ದೇಶ 1989ರಲ್ಲಿ ನಿಷೇಧಿಸಿತು.

ಹೀಗೆ ಪದಗಳನ್ನು ಅಂಟಿಸುವುದು ನಮಗೆ ಹೊಸದೇನಲ್ಲ. ಪಂಚಗವ್ಯ, ತ್ರಿಫಲಾ, ಸಪ್ತಪದಿ, ಅಷ್ಟಮಂಗಲ ಎನ್ನುವಾಗ ಸಂಖ್ಯೆ ಮುಂದೆ, ವಸ್ತು ಹಿಂದೆ. ರಸಾಯನಶಾಸ್ತ್ರದ ಹೆಸರೂ ಅದೇ ಸಮಾಸ. ಸಂಖ್ಯೆಗಳೂ ನಮ್ಮವುಗಳ ದಾಯಾದಿಗಳೇ: ಡೈ ಎಂದರೆ ದ್ವಿ, ಟ್ರೈ ಎಂದರೆ ತ್ರಿ, ಟೆಟ್ರಾ ಎಂದರೆ ಚತುರ್, ಪೆಂಟಾ ಎಂದರೆ ಪಂಚ, ಹೆಕ್ಸಾ ಎಂದರೆ ಷಟ್, ಹೆಪ್ಟಾ ಸಪ್ತ, ಆಕ್ಟಾ ಅಷ್ಟ. ಒಂದಕ್ಕೆ ಮಾತ್ರ ಮೋನೋ. ದಿನವೂ ಡಿ.ಎ.ಪಿ. ಎನ್ನುತ್ತೇವಲ್ಲ, ಅದು ಡೈ-ಅಮೋನಿಯಂ ಫಾಸ್ಫೇಟ್, ಎರಡು ಅಮೋನಿಯಂ. ಕಾಫಿಯ ಕಾಂಡಕೊರಕಕ್ಕೆ ಒಂದು ಕಾಲದಲ್ಲಿ ಬಳಸುತ್ತಿದ್ದ, 1997ರಲ್ಲಿ ನಿಷೇಧವಾದ ಬಿ.ಎಚ್.ಸಿ. ಎಂದರೆ ಬೆಂಜೀನ್ ಹೆಕ್ಸಾಕ್ಲೋರೈಡ್, ಆರು ಕ್ಲೋರಿನ್. ಸಂಖ್ಯೆ ಕಂಡಲ್ಲಿ ಒಂದು ಗೆರೆ ಎಳೆದರೆ ಅರ್ಧ ಹೆಸರು ಬಿಡಿಸಿದಂತೆ.

ಇನ್ನು ಡಬ್ಬಿಯ ಕಡೆ ಬರೋಣ. ಒಂದು ಔಷಧಿಗೆ ಮೂರು ಹೆಸರು ಇರುತ್ತವೆ. ದಪ್ಪ ಅಕ್ಷರದಲ್ಲಿ ಬಣ್ಣದಲ್ಲಿ ಇರುವುದು ಕಂಪನಿ ಇಟ್ಟ ಹೆಸರು. ಅದು ವ್ಯಾಪಾರದ್ದು, ಒಂದೇ ಔಷಧಿಗೆ ಇಪ್ಪತ್ತು ಕಂಪನಿ ಇಪ್ಪತ್ತು ಹೆಸರು ಇಟ್ಟಿರಬಹುದು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಪಕ್ಕದಲ್ಲಿ ಶೇಕಡ ಪ್ರಮಾಣದೊಂದಿಗೆ, ಇರುವುದು ಸಾಮಾನ್ಯ ಹೆಸರು. ಪ್ರಪಂಚದಲ್ಲೆಲ್ಲ ಹೆಚ್ಚುಕಡಿಮೆ ಅದೇ ಹೆಸರು ನಡೆಯುತ್ತದೆ. ನಮಗೆ ಬೇಕಾದದ್ದು ಇದೇ. ಮೂರನೆಯದು ಅಂಕಿ, ಅಲ್ಪವಿರಾಮ, ಅಡ್ಡಗೆರೆಗಳಿಂದ ತುಂಬಿದ ಪೂರ್ತಿ ರಾಸಾಯನಿಕ ಹೆಸರು. ಇಂಥ ಹೆಸರುಗಳಿಗೆ ನಿಯಮ ಮಾಡಲು ವಿಜ್ಞಾನಿಗಳು 1892ರಲ್ಲಿ ಜಿನೀವಾದಲ್ಲಿ ಸೇರಿದ್ದರು. 1919ರಲ್ಲಿ ಹುಟ್ಟಿದ ಅಂತರರಾಷ್ಟ್ರೀಯ ಒಕ್ಕೂಟವೊಂದು ಆ ಕೆಲಸವನ್ನು ಇಂದಿಗೂ ನಡೆಸುತ್ತಿದೆ.

ಈ ಮೂರನೆಯ ಹೆಸರನ್ನು ನಾವು ಬಾಯಿಪಾಠ ಮಾಡಬೇಕಾಗಿಲ್ಲ. ಆದರೆ ಒಮ್ಮೆ ಬಿಡಿಸಿ ನೋಡಿದರೆ ಎರಡನೆಯ ಹೆಸರು ಎಲ್ಲಿಂದ ಬಂತೆಂದು ತಿಳಿಯುತ್ತದೆ, ತಿಳಿದದ್ದು ಮರೆಯುವುದಿಲ್ಲ. ಕ್ಲೋರ್‌ಪೈರಿಫಾಸನ್ನೇ ತೆಗೆದುಕೊಳ್ಳಿ. ಅದರ ಪೂರ್ತಿ ಹೆಸರು ಹೀಗಿದೆ: ಓ,ಓ-ಡೈಈಥೈಲ್ ಓ-3,5,6-ಟ್ರೈಕ್ಲೋರೋ-2-ಪಿರಿಡೈಲ್ ಫಾಸ್ಫೋರೋಥಯೋಯೇಟ್. ಇಲ್ಲಿ 'ಓ' ಎಂದರೆ ಸೊನ್ನೆಯಲ್ಲ, ಆಮ್ಲಜನಕದ ಗುರುತು. ಪಿರಿಡೈಲ್ ಎಂಬುದು ಆರು ಮೂಲೆಯ ಒಂದು ಉಂಗುರ. ಆ ಮೂಲೆಗಳಿಗೆ ಕೇರಿಯ ಮನೆಗಳಿಗೆ ನಂಬರು ಹಾಕಿದ ಹಾಗೆ ನಂಬರು ಹಾಕಿದ್ದಾರೆ. 3, 5, 6ನೆಯ ಮನೆಗಳಲ್ಲಿ ಕ್ಲೋರಿನ್ ಇದೆ. ಮೂರು ಅಂಕಿ ಇರುವುದರಿಂದಲೇ ಮುಂದೆ 'ಟ್ರೈ' ಬಂದಿದೆ. ಅಂಕಿ ಎಣಿಸಿ, ಮುಂದಿನ ಸಂಖ್ಯಾಪದದೊಡನೆ ತಾಳೆ ನೋಡಿ, ಲೆಕ್ಕ ಸರಿಹೋಗುತ್ತದೆ. ಕಳೆನಾಶಕ 2,4-ಡಿ ಎಂಬಲ್ಲಿಯೂ ಹಾಗೆಯೇ, 2 ಮತ್ತು 4ನೆಯ ಮನೆಯಲ್ಲಿ ಕ್ಲೋರಿನ್, ಆದ್ದರಿಂದ ಅದು ಡೈಕ್ಲೋರೋ-ಫಿನಾಕ್ಸಿ-ಅಸಿಟಿಕ್ ಆಮ್ಲ.

ಈಗ ಆ ಉದ್ದದ ಹೆಸರಿನಿಂದ ಟ್ರೈಕ್ಲೋರೋದ 'ಕ್ಲೋರ್', ಪಿರಿಡೈಲಿನ 'ಪಿರಿ', ಫಾಸ್ಫೋರೋದ 'ಫಾಸ್' ಮಾತ್ರ ತೆಗೆದು ಜೋಡಿಸಿ. ಕ್ಲೋರ್-ಪೈರಿ-ಫಾಸ್! ಸಾಮಾನ್ಯ ಹೆಸರೆಂದರೆ ಪೂರ್ತಿ ಹೆಸರನ್ನು ಹಿಂಡಿ ತೆಗೆದದ್ದು. ಇಮಿಡಾಕ್ಲೋಪ್ರಿಡ್ ಎಂದರೆ ಇಮಿಡಾ, ಕ್ಲೋ, ಪ್ರಿಡ್: ಇಮಿಡಜೋಲಿಡೀನ್, ಕ್ಲೋರೋ, ಪಿರಿಡೈಲ್. ಮ್ಯಾಂಕೋಜೆಬ್‌ನಲ್ಲಿ ಮ್ಯಾಂಗನೀಸ್ ಮತ್ತು ಜಿಂಕ್ ಎರಡೂ ಅಡಗಿವೆ. ಎಲ್ಲ ಹೆಸರೂ ಇಷ್ಟು ಸಲೀಸಾಗಿ ಬಿಡುವುದಿಲ್ಲ, ಕೆಲವಕ್ಕೆ ಮನಸ್ಸಿಗೆ ಬಂದಂತೆ ಅಕ್ಷರ ಸೇರಿಸಿದ್ದಾರೆ. ಆದರೂ ಹತ್ತರಲ್ಲಿ ಆರೇಳಕ್ಕೆ ಈ ಉಪಾಯ ನಡೆಯುತ್ತದೆಂದು ನನ್ನ ಅನುಭವ.

ಎಲೆಚುಕ್ಕಿ ರೋಗ ಹೆಚ್ಚಿದ ಮೇಲೆ ಅಡಿಕೆ ಬೆಳೆಗಾರರ ಬಾಯಲ್ಲಿ 'ಕೋನಜೋಲ್'ಗಳ ಮಾತು ಬಹಳ ಕೇಳುತ್ತಿದೆ. ಹೆಕ್ಸಾಕೋನಜೋಲ್, ಪ್ರೋಪಿಕೋನಜೋಲ್, ಟೆಬುಕೋನಜೋಲ್. ಇಂಗಾಲದ ಕೊಂಡಿಗಳನ್ನು ಎಣಿಸಲು ರಸಾಯನಶಾಸ್ತ್ರದಲ್ಲಿ ಬೇರೆ ಪದಗಳಿವೆ: ಒಂದಕ್ಕೆ ಮೀಥ್, ಎರಡಕ್ಕೆ ಈಥ್, ಮೂರಕ್ಕೆ ಪ್ರೋಪ್, ನಾಲ್ಕಕ್ಕೆ ಬ್ಯೂಟ್, ಐದರಿಂದ ಮುಂದೆ ಪೆಂಟ್, ಹೆಕ್ಸ್ ಎಂದು ಹಳೆಯ ಸಂಖ್ಯೆಗಳೇ. ಹೆಕ್ಸಾಕೋನಜೋಲಿನಲ್ಲಿ ಆರು ಇಂಗಾಲದ ಸರಪಳಿ ಇದೆ, ಪ್ರೋಪಿಕೋನಜೋಲಿನಲ್ಲಿ ಮೂರರ ತುಂಡಿದೆ. ಬಾಲದ 'ಅಜೋಲ್' ಮಾತ್ರ ಎಲ್ಲಕ್ಕೂ ಒಂದೇ. ಅದು ಸಾರಜನಕ ಇರುವ ಐದು ಮೂಲೆಯ ಉಂಗುರ. ಸಾರಜನಕಕ್ಕೆ ಫ್ರೆಂಚರು ಅಜೋಟ್ ಎನ್ನುತ್ತಾರೆ, ಅಲ್ಲಿಂದ ಬಂದ ಪದ. ಬಾಲ ಒಂದೇ ಎಂದರೆ ಶಿಲೀಂಧ್ರವನ್ನು ಕೊಲ್ಲುವ ದಾರಿಯೂ ಒಂದೇ. ಒಂದೇ ದಾರಿಯ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ರೋಗಾಣು ಅದಕ್ಕೆ ಒಗ್ಗಿಬಿಡಬಹುದೆಂದು ನಮ್ಮ ಸದಸ್ಯರೆಲ್ಲ ಕೇಳಿದ್ದಾರೆ, ಆದುದರಿಂದ ಔಷಧಿ ಬದಲಿಸುತ್ತಾರೆ. ಆದರೆ ಹೋದ ಸಲ ಹೆಕ್ಸಾಕೋನಜೋಲ್, ಈ ಸಲ ಪ್ರೋಪಿಕೋನಜೋಲ್ ಎಂದರೆ ಬದಲಾದದ್ದು ಡಬ್ಬಿಯ ಬಣ್ಣ ಮತ್ತು ಬಿಲ್ಲಿನ ಮೊತ್ತ. ನಮ್ಮಲ್ಲಿಯೇ ಒಬ್ಬರು ಎರಡು ಕಂಪನಿಯ ಹೆಕ್ಸಾಕೋನಜೋಲನ್ನು ಬೇರೆ ಬೇರೆ ಔಷಧಿಯೆಂದು ತಿಳಿದು ಒಂದೇ ಡ್ರಮ್ಮಿಗೆ ಕೂಡಿಸಿದ್ದರು. ಯಾರೆಂದು ಹೇಳುವುದಿಲ್ಲ, ಅವರೂ ಈ ಪತ್ರಿಕೆ ಓದುತ್ತಾರೆ.

ಬೇರೆ ಬಾಲಗಳು: 'ಥ್ರಿನ್' ಎಂದು ಮುಗಿದರೆ, ಸೈಪರ್ಮೆಥ್ರಿನ್, ಡೆಲ್ಟಾಮೆಥ್ರಿನ್, ಅದು ಸೇವಂತಿಗೆ ಜಾತಿಯ ಹೂವಿನಿಂದ ತೆಗೆಯುವ ಪೈರೆಥ್ರಿನ್ ಎಂಬ ಕೀಟನಾಶಕದ ಅನುಕರಣೆ. 'ಸ್ಟ್ರೋಬಿನ್' ಎಂದು ಮುಗಿದರೆ ಶಿಲೀಂಧ್ರನಾಶಕ. ಪೈನ್ ಮರದ ಕಾಯಿಯ ಮೇಲೆ ಬೆಳೆಯುವ ಸ್ಟ್ರೋಬಿಲ್ಯೂರಸ್ ಎಂಬ ಅಣಬೆಯಿಂದ ಆ ಹೆಸರು. 'ಪ್ರಿಡ್' ಎಂದರೆ ರಸ ಹೀರುವ ಕೀಟಗಳಿಗೆ ಬಳಸುವ ಗುಂಪು.

'ಫಾಸ್' ಎಂಬ ಬಾಲದ ವಿಷಯ ಸ್ವಲ್ಪ ವಿವರವಾಗಿಯೇ ಹೇಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ತೋಟದಲ್ಲಿಯೇ ಕಾಫಿ ಗಿಡದ ಕಾಂಡಕ್ಕೆ ಔಷಧಿ ಹೊಡೆಯುತ್ತಿದ್ದ ಕೆಲಸಗಾರರೊಬ್ಬರು ಮಧ್ಯಾಹ್ನದ ಹೊತ್ತಿಗೆ ಬೆವತು, ಬಾಯಲ್ಲಿ ಜೊಲ್ಲು ಸುರಿಸುತ್ತ ಕುಸಿದರು. ಕೈಗವಸು ಕೊಟ್ಟಿದ್ದೆ, ಸೆಕೆ ಎಂದು ತೆಗೆದಿಟ್ಟಿದ್ದರು. ನಾನು ನಿಂತು ನೋಡಬೇಕಾಗಿತ್ತು, ನೋಡಲಿಲ್ಲ. ಜೀಪಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಕೇಳಿದ ಮೊದಲ ಪ್ರಶ್ನೆ, "ಯಾವ ಔಷಧಿ?" ಜೊತೆಗೆ ಬಂದವರು, "ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುತ್ತದಲ್ಲ, ಆ ಔಷಧಿ" ಎಂದರು. ಇ.ಸಿ. ಎಂದು ಬರೆದ ಎಲ್ಲ ಔಷಧಿಯೂ ನೀರಿನಲ್ಲಿ ಹಾಲಿನಂತೆಯೇ ಆಗುತ್ತದೆ! ಆ ವಾರ ತೋಟದಲ್ಲಿ ಎರಡು ಬಗೆಯ ಡಬ್ಬಿ ಇದ್ದವು; ಬೆಳಿಗ್ಗೆ ಯಾವುದು ಕೊಟ್ಟರೆಂದು ನನಗೇ ಖಚಿತವಿರಲಿಲ್ಲ. ತೋಟದ ರೈಟರಿಗೆ ಫೋನು ಮಾಡಿದೆ. ಅವರು ಡಬ್ಬಿ ಹಿಡಿದು ಓದಲು ನೋಡಿದರು, 'ಚ್ಲೋರ್... ಚ್ಲೋರ್ಪಿ...' ಎಂದು ನಾಲಗೆ ತಡವರಿಸಿತು. ಅಕ್ಷರ ಒಂದೊಂದಾಗಿ ಹೇಳಿ ಎಂದೆ. ಅವರು ಹೇಳುತ್ತ ಹೋದರು, ನಾನು ಗಟ್ಟಿಯಾಗಿ ಮರಳಿ ಹೇಳುತ್ತ ಹೋದೆ. ಕೊನೆಯ ಎಫ್, ಒ, ಎಸ್ ಬಂದ ಕೂಡಲೆ ಡಾಕ್ಟರು "ಸಾಕು, ಗೊತ್ತಾಯಿತು" ಎಂದು ಒಳಗೆ ಹೋದರು. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕಿರಿದಾಗಿದ್ದುದನ್ನು ಅವರು ಮೊದಲೇ ನೋಡಿದ್ದರು, ಹೆಸರು ಅದನ್ನು ಖಚಿತಪಡಿಸಿತು. ರಂಜಕ ಸೇರಿದ ಈ ಗುಂಪಿನ ವಿಷಕ್ಕೆ ಆಟ್ರೋಪಿನ್ ಎಂಬ ಮದ್ದು ಇದೆ. 'ಥ್ರಿನ್' ಗುಂಪಿಗೆ ಚಿಕಿತ್ಸೆಯ ಕ್ರಮ ಬೇರೆ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕಂತೂ ಅದರದೇ ಎನ್ನುವ ಪ್ರತಿವಿಷವೇ ಇಲ್ಲ. ನಮ್ಮವರು ಐದು ದಿನ ಮಲಗಿದ್ದು ಮನೆಗೆ ಬಂದರು.

ಆದರೆ ಬಾಲವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಫೋರೇಟ್, ಡೈಮೀಥೋಯೇಟ್, ಮ್ಯಾಲಾಥಿಯಾನ್ ಇವುಗಳ ಕೊನೆಯಲ್ಲಿ 'ಫಾಸ್' ಇಲ್ಲ, ಆದರೂ ಅದೇ ಗುಂಪು. ಮತ್ತೆ ಹೆಸರಿನ ನಡುವೆ ಎಲ್ಲೋ 'ಫಾಸ್' ಕಂಡ ಮಾತ್ರಕ್ಕೆ ಆ ಗುಂಪಿಗೆ ಸೇರುವುದಿಲ್ಲ. ರಾಕ್ ಫಾಸ್ಫೇಟನ್ನು ವರ್ಷವರ್ಷವೂ ತೋಟಕ್ಕೆ ಹಾಕುತ್ತೇವೆ. ತಲೆಯಂತೂ ಇನ್ನೂ ಮೋಸ: ಕಾರ್ಬೆಂಡಜಿಮ್ ಶಿಲೀಂಧ್ರನಾಶಕ, ಕಾರ್ಬೋಫ್ಯೂರಾನ್ ಬಹಳ ತೀಕ್ಷ್ಣವಾದ ಕೀಟನಾಶಕ. ಎರಡನ್ನೂ 'ಕಾರ್ಬ' ಎಂದು ಕರೆಯುವವರನ್ನು ನಾನು ಕೇಳಿದ್ದೇನೆ. ಆದ್ದರಿಂದ ಡಬ್ಬಿಯ ಮೇಲಿನ ಬಣ್ಣದ ಗುರುತನ್ನು ಸಹ ನೋಡತಕ್ಕದ್ದು. 1971ರ ಕೀಟನಾಶಕ ನಿಯಮಗಳ ಪ್ರಕಾರ ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಕಡಿಮೆ, ನಂತರ ನೀಲಿ, ಕೊನೆಗೆ ಹಸಿರು. ಹಸಿರು ಎಂದರೆ ನಿರಪಾಯ ಎಂದಲ್ಲ.

ಬಾಲದಲ್ಲಿ ಒಂದೇ ಉಚ್ಚಾರ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಜಿಂಕ್ ಸಾಕ್ಷಿ. ಜಿಂಕ್ ಸಲ್ಫೇಟ್ ಗಿಡಕ್ಕೆ ಕೊಡುವ ಲಘು ಪೋಷಕಾಂಶ. ಜಿಂಕ್ ಫಾಸ್ಫೈಡ್ ಇಲಿ ಪಾಷಾಣ, ಹೊಟ್ಟೆಯ ಆಮ್ಲಕ್ಕೆ ತಾಗಿದರೆ ವಿಷಾನಿಲ ಹೊಮ್ಮಿಸುವಂಥದು. ಬರೀ 'ಜಿಂಕ್ ಪುಡಿ' ಎಂದು ಚೀಟಿ ಬರೆದವರು ಇದ್ದಾರೆ! 'ಏಟ್' ಎಂದು ಮುಗಿದರೆ ಆಮ್ಲಜನಕ ಕೂಡಿದ ಲವಣ, 'ಐಡ್' ಎಂದರೆ ಎರಡೇ ಮೂಲವಸ್ತು ಸೇರಿದ್ದು ಎಂದು ಒರಟಾಗಿ ಹೇಳಬಹುದು. ಹಾಗೆಂದು 'ಐಡ್' ಎಲ್ಲವೂ ವಿಷವಲ್ಲ. ಅಡಿಗೆ ಉಪ್ಪು ಸೋಡಿಯಂ ಕ್ಲೋರೈಡ್, ಮ್ಯುರಿಯೇಟ್ ಆಫ್ ಪೊಟ್ಯಾಷ್ ಎಂದು ನಾವು ತರುವುದು ಪೊಟ್ಯಾಸಿಯಂ ಕ್ಲೋರೈಡ್.

ಉಚ್ಚಾರಣೆಗೆ ಸಂಬಂಧಿಸಿ ಹೆಚ್ಚು ಹೇಳುವುದಿಲ್ಲ. ಸಿ ಮತ್ತು ಎಚ್ ಕೂಡಿದರೆ ಈ ಹೆಸರುಗಳಲ್ಲಿ ಸಾಮಾನ್ಯವಾಗಿ 'ಕ', 'ಚ' ಅಲ್ಲ. ಪಿ ಮತ್ತು ಎಚ್ ಕೂಡಿದರೆ 'ಫ'. ಎಕ್ಸ್ ನಡುವೆ ಬಂದರೆ 'ಕ್ಸ'. ಇವನ್ನು ಎಂದೂ ನಡುವೆ ಸೀಳಬಾರದು. ನಮ್ಮ ಒತ್ತಕ್ಷರದ ಹಾಗೆ ಅವು ಒಂದೇ. ಈಥೈಲ್, ಮೀಥೈಲ್ ಎಂಬುದು ಬ್ರಿಟಿಷರ ರೂಢಿ, ಅಮೆರಿಕದವರು ಎಥಿಲ್, ಮೆಥಿಲ್ ಎನ್ನುತ್ತಾರೆ. ಎರಡೂ ಒಂದೇ, ಯಾರೂ ನಗಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಯಾವುದೋ ಒಂದು ಭಾಗವನ್ನು ಒತ್ತಿ ಉಳಿದದ್ದನ್ನು ನುಂಗುತ್ತಾರೆ. ನಾವು ಕನ್ನಡದ ರೀತಿಯಲ್ಲಿ ಎಲ್ಲ ಅಕ್ಷರವನ್ನೂ ಸಮನಾಗಿ ಬಿಡಿಸಿ ಹೇಳಿದರೆ ಕೇಳುವವರಿಗೆ ಅನುಕೂಲವೇ. ಸಣ್ಣ ಡಬ್ಬಿಯಲ್ಲಿ ಸಾಲು ಸಾಲದೆ ಹೆಸರು ಮುರಿದು ಅಡ್ಡಗೆರೆ ಬಿದ್ದು ಮುಂದಿನ ಸಾಲಿಗೆ ಹೋಗಿರುತ್ತದೆ. ಅಂಕಿಯ ಪಕ್ಕದ ಅಡ್ಡಗೆರೆ ಸಾಮಾನ್ಯವಾಗಿ ಹೆಸರಿನದೇ. ಸಾಲಿನ ಕೊನೆಯಲ್ಲಿ ಎರಡು ಅಕ್ಷರಗಳ ನಡುವೆ ಬಿದ್ದದ್ದು ಹೆಚ್ಚಾಗಿ ಮುದ್ರಕರದು, ಅದನ್ನು ಲೆಕ್ಕಕ್ಕೆ ಹಿಡಿಯದೆ ಎರಡು ಸಾಲು ಕೂಡಿಸಿ ಓದಬೇಕು. ಇನ್ನು ಕನ್ನಡ ಕರಪತ್ರಗಳಲ್ಲಿ ಒಂದೇ ಔಷಧಿಯನ್ನು ಕ್ಲೋರೋಪೈರಿಫಾಸ್, ಕ್ಲೋರಿಪೈರಿಫಾಸ್ ಎಂದು ಮನಬಂದಂತೆ ಅಚ್ಚು ಹಾಕುತ್ತಾರೆ. ಇದರ ಮೇಲೆ ನನಗೆ ಸಿಟ್ಟಿದೆ. ಅಕ್ಷರಕ್ಕೆ ಅಕ್ಷರ ಸರಿಯಾಗಿ ಬರೆಯಲು ನಮ್ಮ ಲಿಪಿಗಿಂತ ಒಳ್ಳೆಯದು ಯಾವುದಿದೆ?

ಬೋರ್ಡೋ ದ್ರಾವಣಕ್ಕೆ ಈ ರಗಳೆ ಇಲ್ಲ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಕೋಲ್ಮನ್ ಅವರು ಕೊಳೆಗೆ ಅದನ್ನು ಬಳಸಿ ತೋರಿಸಿದಂದಿನಿಂದ ನಮ್ಮವರಿಗೆ ಅದು ಮೈಲುತುತ್ತು, ಸುಣ್ಣ, ನೀರು. 1 ಕೆ.ಜಿ., 1 ಕೆ.ಜಿ., 100 ಲೀಟರು. ನಾನು ಇಂದಿಗೂ ಅದನ್ನೇ ಹೊಡೆಸುತ್ತೇನೆ. ಆದರೆ ಎಲ್ಲ ಕಾಯಿಲೆಗೂ ಅದೇ ಸಾಲದು, ಕಾಫಿ ಕೊಳ್ಳುವವರೂ ಈಗ ಯಾವ ಔಷಧಿ ಹೊಡೆದಿರಿ ಎಂದು ಕೇಳುತ್ತಾರೆ. ಯುರೋಪು ಒಕ್ಕೂಟ 2020ರಲ್ಲಿ ಕ್ಲೋರ್‌ಪೈರಿಫಾಸ್‌ಗೆ ಅನುಮತಿ ಮುಂದುವರಿಸಲಿಲ್ಲ. ಅಲ್ಲಿಯವರಿಗೆ ನಮ್ಮ ಅಂಗಡಿಯ ವ್ಯಾಪಾರದ ಹೆಸರು ಹೇಳಿದರೆ ಏನು ತಿಳಿಯಬೇಕು? ತೋಟದ ಪುಸ್ತಕದಲ್ಲಿ ದಿನಾಂಕದ ಎದುರು ಸಾಮಾನ್ಯ ಹೆಸರನ್ನೇ ಬರೆದಿಡುವುದು ಒಳ್ಳೆಯದು.

ಈ ಮಳೆಗಾಲದಿಂದ ಡಿಪೋದಲ್ಲಿ ಒಂದು ಏರ್ಪಾಡು ಮಾಡಿದ್ದೇವೆ. ದಾಸ್ತಾನಿನಲ್ಲಿರುವ ಎಲ್ಲ ಔಷಧಿಗಳ ಸಾಮಾನ್ಯ ಹೆಸರನ್ನು ದೊಡ್ಡ ಕನ್ನಡ ಅಕ್ಷರದಲ್ಲಿ, ಬಿಡಿಸುವ ಕಡೆ ಗೆರೆ ಹಾಕಿ, ಕೌಂಟರಿನ ಹಿಂದೆ ತೂಗುಹಾಕಿದೆ. ಚೀಟಿಯಲ್ಲಿ ಮೂರು ಸಂಗತಿ ಇರಲಿ: ಬಾಲದವರೆಗೆ ಪೂರ್ತಿ ಹೆಸರು, ಪಕ್ಕದ ಶೇಕಡ ಅಂಕಿ, ಯಾವ ರೋಗಕ್ಕೆ ಅಥವಾ ಕೀಟಕ್ಕೆ ಎಂಬುದು. ಶೇಕಡ ಅಂಕಿ ಮರೆಯಬೇಡಿ. ಕ್ಲೋರ್‌ಪೈರಿಫಾಸ್ 20 ಇ.ಸಿ.ಯೂ ಇದೆ, 50 ಇ.ಸಿ.ಯೂ ಇದೆ, ಒಂದರ ಅಳತೆಯಲ್ಲಿ ಇನ್ನೊಂದನ್ನು ಬೆರೆಸಿದರೆ ಎರಡೂವರೆ ಪಟ್ಟಾಗುತ್ತದೆ. ಮೆಟಲಾಕ್ಸಿಲ್ ಬೇಕಾದವರು 'ಮೆಟಲಾಕ್ಸಿಲ್ 8%, ಮ್ಯಾಂಕೋಜೆಬ್ 64%, ಕೊಳೆಗೆ' ಎಂದು ಬರೆದರೆ ಗುಳಿಗೆ ಬರುವ ಸಂಭವವಿಲ್ಲ. ಬರೆಯಲು ಕಷ್ಟವಾದವರು ಡಬ್ಬಿಯ ಹೆಸರಿನ ಫೋಟೋ ತೆಗೆದು ಮೊಬೈಲಿನಲ್ಲಿ ತೋರಿಸಬಹುದು. ಗುರುತಿಗೆಂದು ಹಳೆಯ ಡಬ್ಬಿಯನ್ನೇ ಚೀಲದಲ್ಲಿ ಹಾಕಿಕೊಂಡು ಬರುವುದು ಬೇಡ. ಹೋದ ತಿಂಗಳು ಒಬ್ಬರ ಡಬ್ಬಿಯ ಮುಚ್ಚಳ ಸಡಿಲವಾಗಿ ಬಸ್ಸಿನಲ್ಲಿ, ಪಕ್ಕದವರ ಅಕ್ಕಿ ಚೀಲದ ಮೇಲೆ ಚೆಲ್ಲಿ, ಆ ಅಕ್ಕಿಯ ದುಡ್ಡು ಅವರೇ ಕೊಡಬೇಕಾಯಿತು.